ಈಜಲು ಹೋದವರಲ್ಲ, ಈಜು ಬಾರದವರು

"ಈಜಲು ಹೋಗಿ ಮೂವರು ಬಾಲಕರು ನೀರುಪಾಲು."

ಏಪ್ರಿಲ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಈ ಸಾಲು ಕಾಣಿಸಿಕೊಳ್ಳುತ್ತದೆ. ದಸರಾ ರಜೆಯಲ್ಲಿ, ಕೆರೆಕಟ್ಟೆ ತುಂಬಿರುವ ಹೊತ್ತಿನಲ್ಲಿ, ಮತ್ತೊಂದು ಸುತ್ತು ಬರುತ್ತದೆ. ಊರಿನ ಹೆಸರು ಬದಲಾಗುತ್ತದೆ. ಮೂರಿದ್ದ ಸಂಖ್ಯೆ ಎರಡಾಗುತ್ತದೆ, ನಾಲ್ಕಾಗುತ್ತದೆ. ಕೆರೆಯ ಜಾಗಕ್ಕೆ ಕೃಷಿ ಹೊಂಡವೋ ಕಲ್ಲುಕ್ವಾರಿಯೋ ನಾಲೆಯೋ ಬರುತ್ತದೆ. ವಾಕ್ಯ ಮಾತ್ರ ವರ್ಷಗಳಿಂದ ಅಲುಗಾಡಿಲ್ಲ.

ನನ್ನ ಜಗಳ ಈ ವಾಕ್ಯದ ಜೊತೆ. ಇದು ನಿಜ ಹೇಳುವುದಿಲ್ಲ. ಈಜಲು ಹೋಗುವವನಿಗೆ ಮೊದಲು ಈಜು ಬರಬೇಕು. ಆ ಮಕ್ಕಳಿಗೆ ಬರುತ್ತಿರಲಿಲ್ಲ. ಸುದ್ದಿಯ ಕೊನೆಗೆ, ಪೊಲೀಸ್ ಠಾಣೆಯ ಹೆಸರಿಗಿಂತ ಸ್ವಲ್ಪ ಮುಂಚೆ, "ಮೃತರಿಗೆ ಈಜು ಬರುತ್ತಿರಲಿಲ್ಲ ಎಂದು ತಿಳಿದುಬಂದಿದೆ" ಅಂತ ವರದಿಗಾರರೇ ಎಷ್ಟೋ ಸಲ ಬರೆದಿರುತ್ತಾರೆ. ತಲೆಬರಹ ಆಗಬೇಕಾದ ಮಾತು ಬಾಲದಲ್ಲಿ ಬಿದ್ದಿರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದೂರಿನಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರು ಕೃಷಿ ಹೊಂಡದಲ್ಲಿ ಹೋದರು. ಒಬ್ಬ ಆರನೇ ಕ್ಲಾಸು, ಇನ್ನೊಬ್ಬ ಎಂಟು. ಪಕ್ಕದ ಬೀಳಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಹೊಂಡಕ್ಕೆ ಬಿತ್ತು. ಚಿಕ್ಕವನು ಏರಿಯಿಂದ ಕೈ ಚಾಚಿದ, ಪ್ಲಾಸ್ಟಿಕ್ ಹಾಸಿನ ಮೇಲೆ ಜಾರಿದ. ದೊಡ್ಡವನು ಅವನನ್ನು ಹಿಡಿಯಲು ಇಳಿದ. ಮಾರನೇ ದಿನದ ಪತ್ರಿಕೆಯಲ್ಲಿ ಬಂದದ್ದು ಅದೇ: ಈಜಲು ಹೋಗಿ. ನಾನು ಆ ಮನೆಗೆ ಹೋದಾಗ ಜಗಲಿಯ ಮೇಲಿದ್ದ ಹಿರಿಯರೊಬ್ಬರು, "ನೀರು ಬಲಿ ಕೇಳ್ತದೆ ಸ್ವಾಮಿ, ತುಂಬಿದ್ ವರ್ಷ ಸುಮ್ನೆ ಬಿಡಲ್ಲ" ಅಂದರು. ಇನ್ನೊಬ್ಬರು, "ಈಗಿನ ಹುಡುಗ್ರು ಮಾತೆಲ್ಲಿ ಕೇಳ್ತವೆ" ಅಂದರು. ಒಳಗೆ ಗೋಡೆಗೊರಗಿ ಕೂತಿದ್ದ ತಾಯಿ ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದಳು: "ಅಣ್ಣ, ನಿಮ್ಗೆ ಈಜು ಬರ್ತದಾ?" ಬರ್ತದೆ ಕಣಮ್ಮ ಅಂದೆ. "ಯಾರು ಕಲಿಸಿದ್ರು?" ನಮ್ಮ ಸೋದರಮಾವ ಅಂದೆ. ಆಕೆ ಮತ್ತೇನೂ ಕೇಳಲಿಲ್ಲ. ಅವಳ ಮಗನಿಗೆ ಯಾರು ಕಲಿಸಬೇಕಿತ್ತು ಎಂಬ ಪ್ರಶ್ನೆ ಅಲ್ಲೇ ನಡುವೆ ಉಳಿಯಿತು. ಅವತ್ತಿನಿಂದ ಅದು ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮಲ್ಲಿ ಬೇರೂರಿರುವ ನಂಬಿಕೆ ಇಷ್ಟು: ನೀರು ಅಪಾಯ; ಮಕ್ಕಳು ಪುಂಡಾಟ ಮಾಡುತ್ತಾರೆ; ಅಪ್ಪ ಅಮ್ಮ ಗಮನ ಕೊಡುವುದಿಲ್ಲ; ಆದ್ದರಿಂದ ಮಕ್ಕಳನ್ನು ನೀರಿನ ಹತ್ತಿರಕ್ಕೇ ಬಿಡಬಾರದು. ಬೈಯಬೇಕು, ಬೋರ್ಡು ಹಾಕಬೇಕು, ಬಾಗಿಲು ಮುಚ್ಚಬೇಕು. ಓದಿದವರು ಇದಕ್ಕೆ ಮೊಬೈಲ್ ಮತ್ತು ಸೆಲ್ಫಿಯನ್ನು ಸೇರಿಸಿಕೊಳ್ಳುತ್ತಾರೆ, ಓದದವರು ಹಣೆಬರಹವನ್ನು. ಎರಡರಲ್ಲೂ ತಪ್ಪು ಸತ್ತ ಮಗುವಿನದೇ ಆಗುತ್ತದೆ. ಈ ನಂಬಿಕೆ ಮಕ್ಕಳನ್ನು ಕಾಯುತ್ತಿಲ್ಲ. ಅವರನ್ನು ನೀರಿನ ಮುಂದೆ ಬರಿಗೈಲಿ ನಿಲ್ಲಿಸುತ್ತಿದೆ.

ಭಾರತದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಜನ ಮುಳುಗಿ ಸಾಯುತ್ತಾರೆ. ಪೊಲೀಸ್ ದಾಖಲೆಗೆ ಬಂದ ಲೆಕ್ಕ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಹೀಗೆ ಸತ್ತವರು 3 ಲಕ್ಷ, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ 30 ತುಂಬದವರು. ಐದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಸಾವಿಗೆ ಇರುವ ಕಾರಣಗಳಲ್ಲಿ ಇದು ಮೂರನೆಯದು. ವಿಶ್ವಸಂಸ್ಥೆಯ ಮಹಾಸಭೆ 2021ರಲ್ಲಿ ಈ ಕುರಿತು ನಿರ್ಣಯ ಮಾಡಿ, ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಗೊತ್ತು ಮಾಡಿತು. ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2023ರ ಡಿಸೆಂಬರ್‌ನಲ್ಲಿ ಒಂದು ಕಾರ್ಯಚೌಕಟ್ಟು ಪ್ರಕಟಿಸಿತು. ದೆಹಲಿಯಿಂದ ಹೊರಟ ಆ ಕಾಗದ ನಮ್ಮ ಗ್ರಾಮ ಪಂಚಾಯಿತಿ ಕಟ್ಟೆಯವರೆಗೆ ಬಂದದ್ದನ್ನು ನಾನು ಕಂಡಿಲ್ಲ. ಡೆಂಗಿ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಸಂಪಿನ ಮುಚ್ಚಳ ತೆಗೆಸಿ ಲಾರ್ವಾ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತಾರೆ. ಒಳ್ಳೆಯ ಕೆಲಸ. ಅದೇ ಸಂಪಿಗೆ ಮುಚ್ಚಳ ಸರಿಯಾಗಿ ಕೂರುತ್ತದೆಯೇ, ಅಂಬೆಗಾಲಿಡುವ ಕೂಸು ಅದರೊಳಗೆ ಬೀಳಬಹುದೇ ಎಂದು ನೋಡಿ ಬರೆದುಕೊಳ್ಳಲು ಅವರ ಪುಸ್ತಕದಲ್ಲಿ ಅಂಕಣವಿಲ್ಲ. ಸೊಳ್ಳೆ ಕಚ್ಚಿ ಸಾಯುವುದನ್ನು ನಾವು ಆರೋಗ್ಯದ ವಿಷಯ ಅಂದುಕೊಂಡಿದ್ದೇವೆ, ಮುಳುಗಿ ಸಾಯುವುದನ್ನು ವಿಧಿ ಅಂದುಕೊಂಡಿದ್ದೇವೆ.

ನಾನು ಈಜು ಕಲಿತದ್ದು ನಮ್ಮ ತೋಟದ ತೆರೆದ ಬಾವಿಯಲ್ಲಿ. ಒಣಗಿಸಿದ ಎರಡು ಸೋರೆಬುರುಡೆಗಳನ್ನು ಹಗ್ಗದಲ್ಲಿ ಬಿಗಿದು ಬೆನ್ನಿಗೆ ಕಟ್ಟುತ್ತಿದ್ದರು. ಬುರುಡೆ ಇಲ್ಲದವರಿಗೆ ಭೂತಾಳೆ ಬೆಂಡು, ಅದೂ ಇಲ್ಲದವರಿಗೆ ಮುಚ್ಚಳ ಬೆಸೆದ ಸೀಮೆಎಣ್ಣೆ ಡಬ್ಬ, ಆಮೇಲೆ ಲಾರಿ ಟ್ಯೂಬು. ಮಾವ ಮೆಟ್ಟಿಲ ಮೇಲೆ ಹಗ್ಗದ ತುದಿ ಹಿಡಿದು ಕೂತಿರುತ್ತಿದ್ದ. ಮೊದಲ ದಿನ ಕೈಕಾಲು ಬಡಿದು ನೀರು ಕುಡಿದದ್ದೇ ಕುಡಿದದ್ದು. ನಾಲ್ಕನೆಯ ದಿನ ಒಂದು ಬುರುಡೆ ಬಿಚ್ಚಿದ. ಎಂಟೊಂಬತ್ತು ದಿನಕ್ಕೆ ಎರಡನೆಯದೂ ಹೋಯಿತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಏಳು ಹುಡುಗರು ಈಜು ಕಲಿತರು. ಶುಲ್ಕವಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಬಾವಿಯ ಮೆಟ್ಟಿಲ ಮೇಲೆ ಒಬ್ಬ ದೊಡ್ಡವನಿದ್ದ, ಅಷ್ಟೇ.

ಹಳೆಯದನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಆ ಬಾವಿ ಎಲ್ಲರದಾಗಿರಲಿಲ್ಲ. ನಮ್ಮ ಬೀದಿಯ ಏಳು ಹುಡುಗರು ಕಲಿತ ಅದೇ ಬೇಸಿಗೆಯಲ್ಲಿ ಕೇರಿಯ ಹುಡುಗರನ್ನು ಬಾವಿಯ ಹತ್ತಿರ ಬಿಡಲಿಲ್ಲ. ಅದು ನನಗೆ ಆಗ ತಪ್ಪೆಂದು ಹೊಳೆಯಲೂ ಇಲ್ಲ. ನಮ್ಮ ಅಕ್ಕಂದಿರು ಬಾವಿಯ ಮೇಲೆ ನಿಂತು ನೋಡಿದರೇ ಹೊರತು ಇಳಿಯಲಿಲ್ಲ. ಅಂದರೆ ಈಜು ಆಗಲೂ ಊರಿನ ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ ದಕ್ಕಿದ ವಿದ್ಯೆ. ಎಂಬತ್ತು ತೊಂಬತ್ತರ ದಶಕದಲ್ಲಿ ಕೊಳವೆಬಾವಿ ಬಂದು, ಅಂತರ್ಜಲ ಕೆಳಗಿಳಿದು, ತೆರೆದ ಬಾವಿಗಳು ಬತ್ತಿ, ಕಸ ತುಂಬುವ ಗುಂಡಿಗಳಾದ ಮೇಲೆ ಆ ಅರ್ಧವೂ ಉಳಿಯಲಿಲ್ಲ. ಬಯಲುಸೀಮೆಯಲ್ಲಿ ಒಂದು ತಲೆಮಾರು ಪೂರ್ತಿ ನೀರನ್ನು ಟ್ಯಾಂಕರಿನಲ್ಲಿ, ನಲ್ಲಿಯಲ್ಲಿ, ಕೊಡದಲ್ಲಿ ನೋಡಿ ಬೆಳೆಯಿತು. ಆ ತಲೆಮಾರೇ ಇವತ್ತಿನ ತಂದೆತಾಯಿ. ಅವರಿಗೇ ಈಜು ಬಾರದು, ಮಕ್ಕಳಿಗೆ ಕಲಿಸುವುದೆಲ್ಲಿಂದ? ಪೇಟೆಯಲ್ಲಿ ಈಜು ಬೇಸಿಗೆ ಶಿಬಿರದ ಸರಕಾಗಿದೆ, ಫೀಸು ಕಟ್ಟಬಲ್ಲವರ ಮಕ್ಕಳಿಗೆ.

ಹೋದ ನೀರು ಈ ನಡುವೆ ತಿರುಗಿ ಬಂತು, ಬೇರೆ ರೂಪದಲ್ಲಿ. ಇದನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ. 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಡಿ ರಾಜ್ಯದ ಒಣಭೂಮಿಯಲ್ಲಿ ಲಕ್ಷಗಟ್ಟಲೆ ಕೃಷಿ ಹೊಂಡಗಳಾದವು. ರೈತನಿಗೆ ಅದರಿಂದಾದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ತೋಟದ ಅಡಿಕೆ ಗಿಡಗಳು ಎರಡು ಬೇಸಿಗೆ ದಾಟಿದ್ದು ಅದರಿಂದಲೇ. ಆದರೆ ಹೊಂಡದ ಕಟ್ಟಡವನ್ನು ಒಮ್ಮೆ ಮಗುವಿನ ಕಣ್ಣಿಂದ ನೋಡಿ. ಹತ್ತು ಮೀಟರಿನಿಂದ ಇಪ್ಪತ್ತೊಂದು ಮೀಟರಿನವರೆಗೆ ಚೌಕ, ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ನೀರು ಇಂಗದಿರಲೆಂದು ಕಪ್ಪು ಪಾಲಿಥಿನ್ ಹಾಸು. ಒಂದು ಮಳೆಗಾಲ ಕಳೆದರೆ ಹಾಸಿನ ಮೇಲೆ ಪಾಚಿ. ಹಳೆಯ ಬಾವಿಗೆ ಮೆಟ್ಟಿಲಿತ್ತು, ಕಲ್ಲಿನ ಸಂದಿತ್ತು, ಬೇರಿತ್ತು. ಇಲ್ಲಿ ಹಿಡಿಯಲು ಏನೂ ಇಲ್ಲ. ಒಳ್ಳೆ ಈಜುಗಾರನೂ ನೀರಿನಲ್ಲಿ ತೇಲಬಲ್ಲನೇ ಹೊರತು ಆ ಪ್ಲಾಸ್ಟಿಕ್ ಹತ್ತಿ ಹೊರಗೆ ಬರಲಾರ. 2023-24ರಲ್ಲಿ ಯೋಜನೆಗೆ ಮತ್ತೆ ಜೀವ ಕೊಟ್ಟಾಗ ಹೊಂಡದ ಸುತ್ತ ತಂತಿ ಬೇಲಿಯನ್ನೂ ಅದರ ಭಾಗವಾಗಿ ಸೇರಿಸಿದರು. ಸರಿಯಾದ ಹೆಜ್ಜೆ. ಆದರೆ ಅದಕ್ಕೂ ಮುಂಚೆ ತೋಡಿದ ಹೊಂಡಗಳಲ್ಲಿ ಬಹುಪಾಲು ಇವತ್ತಿಗೂ ಬಯಲಲ್ಲಿ ಬಾಯಿ ತೆರೆದು ಕೂತಿವೆ.

ಕೆರೆಯೂ ಹಳೆಯ ಕೆರೆಯಲ್ಲ. ನಮ್ಮ ಅಜ್ಜನ ಕಾಲದ ಕೆರೆಯಂಗಳ ಅಂಗೈಯಂತೆ ನಿಧಾನಕ್ಕೆ ಇಳಿಯುತ್ತಿತ್ತು. ಮೊಣಕಾಲು, ಸೊಂಟ, ಎದೆ ಎಂದು ಅಳೆದುಕೊಂಡು ಹೋಗಬಹುದಿತ್ತು. ಈಗ ಮಣ್ಣಿಗಾಗಿ ಜೆಸಿಬಿ ಇಳಿದು ಎಲ್ಲೆಂದರಲ್ಲಿ ಬಗೆದ ಮೇಲೆ ಮೊಣಕಾಲು ನೀರಿನಿಂದ ಮುಂದಿಟ್ಟ ಒಂದೇ ಹೆಜ್ಜೆಗೆ ಎರಡಾಳು ಗುಂಡಿ. ಮೇಲಿಂದ ನೋಡಿದರೆ ಎಲ್ಲ ಒಂದೇ ನೀರು. ಕಲ್ಲುಕ್ವಾರಿಗಳಂತೂ ಅಂಚಿನಿಂದಲೇ ಪಾತಾಳ. ಕೆಲಸ ನಡೆಯುವಾಗಲೂ ಬಿಟ್ಟುಹೋಗುವಾಗಲೂ ಬೇಲಿ ಹಾಕಬೇಕೆಂದು ಗಣಿ ನಿಯಮಗಳು ಹೇಳುತ್ತವೆ. ಗುತ್ತಿಗೆ ಮುಗಿದ ಮೇಲೆ ಹಾಕಿದವರನ್ನು ನಾನು ನಮ್ಮ ಸೀಮೆಯಲ್ಲಿ ನೋಡಿಲ್ಲ. ನಾಲೆಯ ಕಥೆ ಮಂಡ್ಯದವರಿಗೆ ಗೊತ್ತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಅವತ್ತು ಶನಿವಾರ, ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ತಡೆಗೋಡೆಗೆ ಆ ಭಾಗದ ಜನ ಅಂಗಲಾಚುತ್ತಲೇ ಬಂದಿದ್ದಾರೆ.

ಇನ್ನು ಕೋಲಾರ. ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ ಜಿಲ್ಲೆ. ಎರಡು ದಶಕ ಒಣಗಿ ಬಿರುಕು ಬಿಟ್ಟಿದ್ದ ನೂರಕ್ಕೂ ಹೆಚ್ಚು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿತು, ಆಮೇಲಿನ ಒಳ್ಳೆ ಮಳೆಗಳಿಗೆ ಕೆರೆಗಳು ಕೋಡಿ ಬಿದ್ದವು. ಕೆರೆಗೆ ಬಾಗಿನ ಕೊಟ್ಟೆವು. ನೀರನ್ನೇ ಕಾಣದೆ ಬೆಳೆದ ಮಕ್ಕಳಿಗೆ ನೀರಿನ ಪಾಠ ಕೊಡಬೇಕೆಂದು ಒಬ್ಬ ಮಂತ್ರಿಯಾಗಲಿ, ಅಧಿಕಾರಿಯಾಗಲಿ, ಮೇಷ್ಟ್ರಾಗಲಿ ಆ ಸಂಭ್ರಮದಲ್ಲಿ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. 2024ರ ಡಿಸೆಂಬರ್ 10ರಂದು ಅದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋದರು. ನಾಲ್ಕು ಹೆಣ್ಣುಮಕ್ಕಳನ್ನು ಸಮುದ್ರ ಎಳೆದುಕೊಂಡಿತು.

ಆಮೇಲೆ ನಡೆದದ್ದೆಲ್ಲ ನಮಗೆ ಪರಿಚಿತ. ಅಮಾನತು, ಬಂಧನ, ಪರಿಹಾರ, ಕಡಲತೀರ ಬಂದ್, ಪ್ರವಾಸಕ್ಕೆ ಹೊಸ ಷರತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಹಳೆಯ ರೂಢಿ. ಕರೆದುಕೊಂಡು ಹೋದವರ ಹೊಣೆ ಇಲ್ಲವೆಂದು ನಾನು ಹೇಳುವುದಿಲ್ಲ. ಇದೆ, ಕಾನೂನು ಅದನ್ನು ನೋಡಲಿ. ನನ್ನ ಪ್ರಶ್ನೆ ಬೇರೆ. ಹತ್ತು ವರ್ಷ ಶಾಲೆಯಲ್ಲಿ ಕಳೆದ ಮಗುವಿಗೆ ಅಲೆ ವಾಪಸು ಹೋಗುವಾಗ ಕಾಲಡಿಯ ಮರಳು ಯಾಕೆ ಕುಸಿಯುತ್ತದೆ, ಸೆಳೆತ ಯಾವ ಕಡೆ ಎಳೆಯುತ್ತದೆ, ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ ಬೆನ್ನ ಮೇಲೆ ತೇಲಬೇಕು, ಬಲವಿದ್ದರೆ ಅಡ್ಡಕ್ಕೆ ಈಜಬೇಕು ಎಂಬ ಮಾತನ್ನು ಯಾವ ಪಾಠದಲ್ಲಿ, ಯಾವ ಅವಧಿಯಲ್ಲಿ ಹೇಳಿದ್ದೆವು? ಸಮುದ್ರದ ಸರಾಸರಿ ಲವಣಾಂಶ ಎಷ್ಟೆಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯಬಲ್ಲರು.

ನಿಷೇಧದ ಕೆಡುಕು ಅದು ಕೆಲಸಕ್ಕೆ ಬಾರದು ಎಂಬಷ್ಟಕ್ಕೇ ನಿಲ್ಲುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹದಿಮೂರು ವರ್ಷದ ಹುಡುಗನಿಗೆ ತುಂಬಿದ ಕೆರೆ ಕಂಡರೆ ಇಳಿಯಬೇಕೆನಿಸುತ್ತದೆ. ಅದು ಪುಂಡಾಟವಲ್ಲ, ಮನುಷ್ಯ ಸ್ವಭಾವ. ಬೈದು ಹೆದರಿಸಿದರೆ ಅವನು ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ದನ ಮೇಯಿಸುವವರೂ ಬಟ್ಟೆ ಒಗೆಯುವವರೂ ಇರುವ ಸೋಪಾನದ ಕಡೆ ಬಿಟ್ಟು, ಯಾರೂ ಕಾಣದ ಮೂಲೆಗೆ, ಜಾಲಿಪೊದೆಯ ಹಿಂದಕ್ಕೆ ಹೋಗುತ್ತಾನೆ. ಅಲ್ಲಿ ಏನಾದರೂ ಆದರೆ ಉಳಿದ ಹುಡುಗರು ಓಡಿ ಬಂದು ಕೂಗಬೇಕಲ್ಲ? ಕೂಗುವುದಿಲ್ಲ. ಮನೆಗೆ ಹೋಗಿ ಒದ್ದೆ ಚಡ್ಡಿ ಬದಲಿಸಿ, ಹೊದ್ದು ಮಲಗುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಮನೆಯಲ್ಲಿ ಹುಡುಕಾಟ ಶುರುವಾಗುತ್ತದೆ. ಏರಿಯ ಮೇಲೆ ಚಪ್ಪಲಿ, ಅಂಗಿ ಸಿಗುತ್ತವೆ. ನಾವು ಹುಟ್ಟಿಸಿದ ಭಯ ಆ ಮಗುವಿನ ಕೊನೆಯ ಐದು ನಿಮಿಷವನ್ನು ತಿಂದಿರುತ್ತದೆ.

ಸೆಲ್ಫಿಯ ಮಾತಿಗೆ ಬರುತ್ತೇನೆ. 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರಗೆ, ಕನಕಪುರ ರಸ್ತೆಯ ಕಡೆಯ ಕಲ್ಯಾಣಿಯೊಂದರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ಮುಳುಗಿದ. ಗೆಳೆಯರು ತೆಗೆದ ಫೋಟೊದ ಹಿನ್ನೆಲೆಯಲ್ಲೇ ಅವನು ಮುಳುಗುತ್ತಿರುವುದು ಕಾಣುತ್ತದೆ ಎಂದು ದೇಶವೆಲ್ಲ ಸುದ್ದಿಯಾಯಿತು. ಇಡೀ ನಾಡು ಆ ಹುಡುಗರನ್ನು ಉಗಿಯಿತು. ನಾನು ಅವತ್ತೂ ಉಗಿಯಲಿಲ್ಲ, ಇವತ್ತೂ ಉಗಿಯಲಾರೆ. ಮುಳುಗುವವನು ಸಿನಿಮಾದಲ್ಲಿ ತೋರಿಸಿದಂತೆ ಕೈ ಬೀಸಿ ಕೂಗುವುದಿಲ್ಲ. ಉಸಿರೆಳೆಯುವುದೇ ಆಗದಿರುವಾಗ ಕೂಗು ಎಲ್ಲಿಂದ ಬರಬೇಕು? ಕೈಗಳು ತಾವಾಗಿಯೇ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಮೈ ನೇರ ನಿಲ್ಲುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಡುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಪಕ್ಕದಲ್ಲಿದ್ದವರಿಗೆ ಅವನು ಆಡುತ್ತಿದ್ದಾನೆ ಅನ್ನಿಸುತ್ತದೆ. ಹತ್ತಾರು ಜನರ ನಡುವೆ ಒಬ್ಬ ಸದ್ದಿಲ್ಲದೆ ಹೋಗಬಲ್ಲ ಎಂಬುದನ್ನು ಆ ಹುಡುಗರಿಗೆ ಯಾರೂ ಹೇಳಿರಲಿಲ್ಲ. ಆ ದಿನದ ಪಾಠ ಅದಾಗಿತ್ತು. ನಾವು ಮೊಬೈಲನ್ನು ಬೈದು ಆ ಪಾಠವನ್ನು ಕೈಬಿಟ್ಟೆವು.

ಇನ್ನೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷ ತುಂಬದ ಕೂಸು ಕೊಳವೆಬಾವಿಗೆ ಬಿತ್ತು. ಸುಮಾರು 20 ಗಂಟೆ ಅಗೆದು ಜೀವಂತ ತೆಗೆದರು. ರಾಜ್ಯ ಊಟ ಬಿಟ್ಟು ಟಿವಿ ಮುಂದೆ ಕೂತಿತ್ತು, ನಾನೂ ಕೂತಿದ್ದೆ, ಮಗು ಹೊರಬಂದಾಗ ಅತ್ತೆ. ತೆರೆದ ಕೊಳವೆಬಾವಿ ಮುಚ್ಚುವ ಬಗ್ಗೆ ಸುಪ್ರೀಂ ಕೋರ್ಟಿನ ಮಾರ್ಗಸೂಚಿ 2010ರಿಂದಲೇ ಇದೆ. ಕೊಳವೆಬಾವಿಯ ಮಗುವಿಗಾಗಿ ಇಷ್ಟು ಮಿಡಿಯುವ ಮನಸ್ಸು ನಮಗಿದೆ. ಕೃಷಿ ಹೊಂಡದ ಮಗುವಿಗೆ ಒಳಪುಟದ ಎರಡು ಇಂಚು ಜಾಗ. ಮೊದಲನೆಯದು ತಡೆಯಬಹುದಾದ ಅನಾಹುತ ಎಂದು ನಂಬಿದ್ದೇವೆ, ಎರಡನೆಯದನ್ನು ನಂಬಿಲ್ಲ. ಬೇರೆ ವ್ಯತ್ಯಾಸ ನನಗೆ ಕಾಣದು.

ಈಜು ಕಲಿಸೋಣ ಎಂದಾಗಲೆಲ್ಲ ಎದುರು ಬರುವ ಮಾತೊಂದಿದೆ: "ನೀರಲ್ಲಿ ಸಾಯೋನು ಈಜು ಬಂದೋನೇ." ಹೆದರಿಕೆಯಿಲ್ಲದೆ ಆಳಕ್ಕೆ ಹೋಗುತ್ತಾರೆ, ಕಲಿಸಿದರೆ ಸಾವು ಹೆಚ್ಚುತ್ತದೆ ಎಂಬ ವಾದ. ಇದನ್ನು ತಳ್ಳಿಹಾಕದೆ ಉತ್ತರ ಕೊಡಬೇಕು. ಕುಡಿದು ಇಳಿದವನು, ಪಂದ್ಯ ಕಟ್ಟಿ ಹೊಳೆ ದಾಟಲು ಹೋದವನು, ಸುಳಿಗೆ ಸಿಕ್ಕವನು ಈಜು ಬಂದೂ ಸತ್ತದ್ದುಂಟು. ಆದರೆ ಕಲಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ನೆರೆಯ ದೇಶವೊಂದು ಮಾಡಿ ನೋಡಿದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಗೊಂದು ಕೊಳ. ಅಲ್ಲಿ ನಾಲ್ಕರಿಂದ ಹನ್ನೆರಡು ವಯಸ್ಸಿನ ಸಾವಿರಾರು ಮಕ್ಕಳಿಗೆ ಅದೇ ಕೊಳಗಳಲ್ಲಿ ಬಿದಿರಿನ ಅಟ್ಟಣೆ ಇಳಿಬಿಟ್ಟು, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಕಲಿಸಿದರು. ಗುರಿ ದೊಡ್ಡದಲ್ಲ: 25 ಮೀಟರ್ ಈಜಬೇಕು, 30 ಸೆಕೆಂಡ್ ನಿಂತಲ್ಲೇ ತೇಲಬೇಕು, ಮುಳುಗುತ್ತಿರುವವನಿಗೆ ತಾನು ನೀರಿಗಿಳಿಯದೆ ಕೈಗೆ ಸಿಕ್ಕಿದ್ದನ್ನು ಚಾಚಿ ಎಳೆಯಬೇಕು. ಕಲಿಯದ ಮಕ್ಕಳಿಗೆ ಹೋಲಿಸಿದರೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇ 90ಕ್ಕಿಂತ ಹೆಚ್ಚು ಕಡಿಮೆಯಾಯಿತು. 2012ರಲ್ಲಿ ಅದು ಮಕ್ಕಳ ವೈದ್ಯಕೀಯದ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕಲಿತ ಮಕ್ಕಳು ಸೊಕ್ಕಿ ಆಳಕ್ಕೆ ಹೋಗಿ ಸತ್ತಿದ್ದರೆ ಆ ಲೆಕ್ಕ ತಿರುಗಾಮುರುಗಾ ಆಗಬೇಕಿತ್ತು.

ನೀರಿಗಿಳಿಯದೆ ಚಾಚಿ ಎಳೆಯುವ ಆ ಮೂರನೆಯ ಪಾಠದ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಒಬ್ಬೊಬ್ಬರೇ ಸಾಯುವುದಕ್ಕಿಂತ ಸಾಲಾಗಿ ಸಾಯುವುದು ಕರುಳು ಹಿಂಡುತ್ತದೆ. ಬಟ್ಟೆ ಒಗೆಯಲು ಹೋದ ತಾಯಿ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕದು ಜಾರಿತು, ದೊಡ್ಡದು ಹಿಡಿಯಲು ಹೋಯಿತು, ತಾಯಿ ಇಬ್ಬರಿಗಾಗಿ ಹಾರಿದಳು. ಇಂಥ ಸುದ್ದಿಯನ್ನು ಓದದ ವರ್ಷವಿಲ್ಲ. ಆ ತಾಯಿಯ ಕೈಯಲ್ಲಿ ಆ ಕ್ಷಣ ಐದೂವರೆ ಮೀಟರ್ ಸೀರೆ ಇತ್ತು, ಒಗೆಯಲು ತಂದದ್ದು. ಮಗಳ ಹೆಗಲ ಮೇಲೆ ದುಪಟ್ಟಾ ಇತ್ತು. ಪಕ್ಕದಲ್ಲಿ ಖಾಲಿ ಪ್ಲಾಸ್ಟಿಕ್ ಕೊಡ ಇದ್ದಿರಬಹುದು. ಕೊಡವನ್ನು ಬೋರಲು ಹಿಡಿದರೆ, ಮುಚ್ಚಳ ಬಿಗಿದ ಇಪ್ಪತ್ತು ಲೀಟರಿನ ಖಾಲಿ ಕ್ಯಾನನ್ನು ಅಪ್ಪಿಕೊಂಡರೆ ಒಬ್ಬ ಮನುಷ್ಯ ತೇಲುತ್ತಾನೆ. ಆ ಅರಿವು ಒಂದು ಸಲ ಹೇಳಿ, ಎರಡು ಸಲ ಮಾಡಿಸಿದರೆ ಬರುವಂಥದ್ದು. ಈ ಸಾವುಗಳಲ್ಲಿ ಹೆಣ್ಣುಮಕ್ಕಳ ಪಾಲನ್ನು ನೋಡಿದ ಮೇಲೂ "ಹೆಣ್ಣುಮಕ್ಕಳಿಗೆ ಈಜು ಯಾಕೆ, ಒದ್ದೆ ಬಟ್ಟೆಯಲ್ಲಿ ನಾಲ್ಕು ಜನರ ಮುಂದೆ ಯಾಕೆ" ಎನ್ನುವವರಿಗೆ ಒಂದೇ ಮಾತು: ಚೂಡಿದಾರದಲ್ಲೇ ಕಲಿಸಿ. ನೀರಿಗೆ ಬೀಳುವಾಗ ಅವರು ಅದನ್ನೇ ಹಾಕಿಕೊಂಡಿರುತ್ತಾರೆ. ಕಲಿಸಲು ಹೆಂಗಸರನ್ನೇ ನೇಮಿಸಿ. ಕರಾವಳಿಯ ಮೀನುಗಾರ ಮನೆಗಳಲ್ಲಿ, ಹೊಳೆಸಾಲಿನ ಬೆಸ್ತರ ಮನೆಗಳಲ್ಲಿ ಕಲಿಸಬಲ್ಲ ಹೆಣ್ಣುಮಕ್ಕಳು ಸಿಗುತ್ತಾರೆ.

ನೀರಿನಿಂದ ಎಳೆದು ಹಾಕಿದ ಮೇಲೂ ನಾವು ಮಕ್ಕಳನ್ನು ಕಳೆದುಕೊಳ್ಳುತ್ತೇವೆ. ಕಾಲು ಹಿಡಿದು ತಲೆಕೆಳಗೆ ಮಾಡಿ ಗಿರಗಿರ ತಿರುಗಿಸುತ್ತಾರೆ, ಹೊಟ್ಟೆ ಒತ್ತುತ್ತಾರೆ. 2022ರಲ್ಲಿ ಬಳ್ಳಾರಿ ಸೀಮೆಯ ಹಳ್ಳಿಯೊಂದರಲ್ಲಿ ಮುಳುಗಿದ ಬಾಲಕನ ದೇಹವನ್ನು, ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿ, ಮೂಟೆಗಟ್ಟಲೆ ಉಪ್ಪು ತಂದು ಗಂಟೆಗಟ್ಟಲೆ ಮುಚ್ಚಿಟ್ಟು ಕಾದರು. ಹಾವೇರಿಯ ಕಡೆಯೂ ಹೀಗೇ ಆಯಿತು. ಅವರನ್ನು ಮೂಢರೆನ್ನಲು ನನಗೆ ಬಾಯಿ ಬರುವುದಿಲ್ಲ. ಮಗುವನ್ನು ಬದುಕಿಸಲು ಏನನ್ನಾದರೂ ಮಾಡಲು ಸಿದ್ಧವಿದ್ದ ತಂದೆತಾಯಿಗೆ ಏನು ಮಾಡಬೇಕೆಂದು ಹೇಳಿದ ಒಂದೇ ದನಿ ಆ ಸುಳ್ಳು ಸಂದೇಶದ್ದು. ಉಸಿರು ನಿಂತಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಒತ್ತಬೇಕು, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು. ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಹಾನಿ ಶುರುವಾಗುತ್ತದೆ. ತಾಲ್ಲೂಕು ಕೇಂದ್ರದಿಂದ ಬರುವ ಅಗ್ನಿಶಾಮಕ ವಾಹನಕ್ಕೆ ನಾಲ್ಕೈದು ನಿಮಿಷದಲ್ಲಿ ಯಾವ ಕೆರೆಯನ್ನೂ ಮುಟ್ಟಲಾಗದು. ಅವರು ಬರುವುದು ಹೆಣ ತೆಗೆಯಲು. ಬದುಕಿಸುವವರು ಏರಿಯ ಮೇಲೆ ನಿಂತವರೇ ಆಗಬೇಕು. ಹೈಸ್ಕೂಲು ಮಕ್ಕಳಿಗೆ ಒಂದು ಗೊಂಬೆ ಇಟ್ಟು ಇದನ್ನು ಮಾಡಿಸಲು ಒಂದು ಮಧ್ಯಾಹ್ನ ಸಾಕು.

ದುಡ್ಡೆಲ್ಲಿದೆ ಎನ್ನುವವರಿಗೆ: ಒಲಿಂಪಿಕ್ ಕೊಳ ಯಾರೂ ಕೇಳುತ್ತಿಲ್ಲ. ನರೇಗಾದಲ್ಲಿ ಹೂಳೆತ್ತಿ ದುರಸ್ತಿ ಮಾಡಿದ ಕಲ್ಯಾಣಿಗಳು ಊರೂರಿನಲ್ಲಿವೆ. ಮೆಟ್ಟಿಲಿದೆ, ಆಳ ಗೊತ್ತಿದೆ, ನೀರು ನಿಂತಿದೆ. ಈಜು ಕಲಿಸಲು ಅದಕ್ಕಿಂತ ಒಳ್ಳೆ ಜಾಗವಿಲ್ಲ. ನಾವು ಅವಕ್ಕೆ ಗೇಟು ಹಾಕಿ ಬೀಗ ಜಡಿದಿದ್ದೇವೆ. ನಾಲ್ಕು ಅಡಿ ನೀರಿನಲ್ಲಿ ಅಡ್ಡ ಹಗ್ಗ ಕಟ್ಟಿ, ಇಬ್ಬರು ತರಬೇತಾದ ಯುವಕರನ್ನೂ ಇಬ್ಬರು ಯುವತಿಯರನ್ನೂ ನಿಲ್ಲಿಸಿ, ಬೇಸಿಗೆಯ ಇಪ್ಪತ್ತು ಬೆಳಗು ಕೊಟ್ಟರೆ ಒಂದು ಪಂಚಾಯಿತಿಯ ನಾಲ್ಕನೇ ಐದನೇ ಕ್ಲಾಸಿನ ಮಕ್ಕಳೆಲ್ಲ ತೇಲುವುದನ್ನು ಕಲಿಯುತ್ತಾರೆ. ಈ ಸಲ ಆ ಮೆಟ್ಟಿಲು ಎಲ್ಲ ಕೇರಿಯ ಮಕ್ಕಳಿಗೂ ತೆರೆದಿರಬೇಕು. ಕಲಿಯುವ ವಯಸ್ಸಲ್ಲದ ಕೂಸುಗಳಿಗೆ ಬೇಕಾದದ್ದು ಬೇರೆ: ತಾಯಿ ಕೆಲಸದಲ್ಲಿರುವ ಹೊತ್ತಿನಲ್ಲಿ ಕಣ್ಣಿಡುವ ಒಬ್ಬರು. ಬಾಂಗ್ಲಾದೇಶದಲ್ಲಿ ಬೆಳಿಗ್ಗೆ 9ರಿಂದ 1ರವರೆಗೆ ಹಳ್ಳಿಯ ಒಂದು ಮನೆಯಲ್ಲಿ ಕೂಸುಗಳನ್ನು ನೋಡಿಕೊಂಡದ್ದಕ್ಕೇ ಈ ಸಾವು ಶೇ 80ರಷ್ಟು ಇಳಿಯಿತು. ನಮ್ಮಲ್ಲಿ 2023-24ರ ಬಜೆಟ್ಟಿನಲ್ಲಿ 4 ಸಾವಿರ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿದರು. ಅದನ್ನು ಕೂಲಿಕಾರ ತಾಯಂದಿರಿಗೆ ಮಾಡಿದ ಉಪಕಾರವೆಂದು ಮಾತ್ರ ನೋಡುತ್ತಿದ್ದೇವೆ. ಜೀವ ಉಳಿಸುವ ಜಾಗವೆಂದು ನೋಡಿದರೆ ಒಂದೇ ಒಂದು ಕೂಸಿನ ಮನೆಗೂ ಬೀಗ ಬೀಳಲು ಬಿಡಬಾರದು.

ಎಲ್ಲಿ ಅಪಾಯವಿದೆಯೆಂದು ಊರಿಗೇ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಪ್ರತಿ ಸಾವಿಗೂ ಠಾಣೆಯಲ್ಲಿ ಒಂದು ಯುಡಿಆರ್ (ಅಸಹಜ ಸಾವಿನ ವರದಿ) ಆಗುತ್ತದೆ, ಮಹಜರು ಆಗುತ್ತದೆ, ಫೈಲು ಮುಚ್ಚುತ್ತದೆ. ಒಂದೇ ಕ್ವಾರಿಯಲ್ಲಿ ಹತ್ತು ವರ್ಷದಲ್ಲಿ ಐದು ಸಾವಾಗಿದ್ದರೂ ಐದು ಫೈಲುಗಳನ್ನು ಒಂದೇ ಮೇಜಿನ ಮೇಲಿಟ್ಟು ಓದುವ ಅಧಿಕಾರಿ ಇಲ್ಲ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ನಾನು ಎರಡಕ್ಕೆ ಹೋಗಿದ್ದೇನೆ. ಮಕ್ಕಳು ಎದ್ದು ಶೌಚಾಲಯ ಕೇಳುತ್ತಾರೆ, ಬಸ್ಸು ಕೇಳುತ್ತಾರೆ, ಪಿಡಿಒ ಬರೆದುಕೊಳ್ಳುತ್ತಾರೆ. ಅಲ್ಲಿ ಊರಿನ ನಕ್ಷೆ ಹಾಸಿ, "ನೀವು ಎಲ್ಲೆಲ್ಲಿ ನೀರಿಗೆ ಹೋಗ್ತೀರಿ, ಬೈಯಲ್ಲ, ತೋರಿಸಿ" ಅಂದರೆ ಹತ್ತು ನಿಮಿಷದಲ್ಲಿ ಇಡೀ ಪಂಚಾಯಿತಿಯ ಗುಂಡಿಗಳ ಪಟ್ಟಿ ಕೈಗೆ ಬರುತ್ತದೆ. ಆ ಪಟ್ಟಿ ಹಿಡಿದು ಬೇಲಿ, ಹಗ್ಗ, ಮೆಟ್ಟಿಲು ಮಾಡಿಸಬೇಕು. ಮಾಡಿಸದೆ ಮಗು ಸತ್ತರೆ ಪಂಚಾಯಿತಿ ಉತ್ತರ ಹೇಳಬೇಕು.

ಕಳೆದ ಮಾರ್ಚಿನಲ್ಲಿ ಆ ಪಕ್ಕದೂರಿಗೆ ಹೋಗಿದ್ದೆ. ಹೊಂಡದ ಯಜಮಾನ ತಾನೇ ಕೈಯಾರೆ ಎರಡು ಕಲ್ಲುಕಂಬ ನೆಟ್ಟು, ಮಾರಿಗೊಂದು ಗಂಟು ಹಾಕಿದ ತೆಂಗಿನ ನಾರಿನ ಹಗ್ಗಗಳನ್ನು ನಾಲ್ಕೂ ಮಗ್ಗುಲಿಗೆ ನೀರಿನ ತಳದವರೆಗೆ ಇಳಿಬಿಟ್ಟಿದ್ದ. ಒಂದು ಮೂಲೆಯಲ್ಲಿ ಹಳೆಯ ಟೈರುಗಳನ್ನು ಸರಪಳಿಯಂತೆ ಬಿಗಿದು ಏಣಿ ಮಾಡಿದ್ದ. "ಎಲ್ಲಾ ಸೇರಿ ಆರ್ನೂರು ರೂಪಾಯಿ ಆಯ್ತು" ಅಂದ. ಆಮೇಲೆ ಬಹಳ ಹೊತ್ತು ನೀರು ನೋಡುತ್ತಾ ನಿಂತ. ಅಲ್ಲಿಂದ ನಮ್ಮೂರಿಗೆ ನಡೆದು ಬರುವ ದಾರಿಯಲ್ಲಿ ಇನ್ನೂ ಏಳು ಹೊಂಡ ಎಣಿಸಿದೆ. ಎಲ್ಲದರಲ್ಲೂ ನೀರಿತ್ತು, ಒಂದರಲ್ಲೂ ಹಗ್ಗವಿರಲಿಲ್ಲ. ಶಾಲೆಗೆ ರಜೆ ಬಿಡಲು ಇನ್ನು ಹದಿನೈದು ದಿನವಿತ್ತು.